ಮೊದಲ ಎಳೆ, ಕೊನೆಯ ಎಳೆ

ಹುಬ್ಬಳ್ಳಿ
೮ ಜನವರಿ ೨೦೨೫

ದಾದಿಗೆ ಸುಲ್ತಾನಾಳ ಸಲಾಂ. ಈ ಕಾಗದವನ್ನು ಓದಿ ಹೇಳುತ್ತಿರುವ ಏಕನಾಥ ಮಾಸ್ತರರಿಗೂ ನಮಸ್ಕಾರ.

ಮೊದಲಿಗೇ ಹೇಳಿಬಿಡುತ್ತೇನೆ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಈ ತರಬೇತಿಯವರು ಸೋಮವಾರ ಬೆಳಿಗ್ಗೆಯೇ ನಮ್ಮೆಲ್ಲರ ಫೋನು ಇಸಿದುಕೊಂಡು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಇನ್ನು ಕೈಗೆ ಸಿಗುವುದು ಭಾನುವಾರ ಒಂದು ತಾಸು ಮಾತ್ರ. ಆ ಒಂದು ತಾಸು ನಿನಗೆ ಫೋನು ಮಾಡಿದರೆ "ಯಾರು? ಜೋರಾಗಿ ಮಾತಾಡು" ಎನ್ನುವುದರಲ್ಲೇ ಮುಗಿದುಹೋಗುತ್ತದೆ. ನಿನ್ನ ಕಿವಿಗಿಂತ ಮಾಸ್ತರರ ಕಣ್ಣು ವಾಸಿ.

ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಜನರೆದುರು ನೀನು ಏನಂದೆ, ನೆನಪಿದೆಯೇ? "ವೈರ್ ಜೋಡಸೂದು ಕಲಿಯಾಕ ಆರು ವಾರ ಬೇಕೇನ?" ನಾನೂ ಸುಮ್ಮನಿರಲಿಲ್ಲ. "ನೀ ಮಗ್ಗದ ಎಳಿ ಜೋಡಸೂದು ಕಲಿಸಿದ್ದರ ನಾ ವೈರ್ ಹುಡುಕ್ಕೊಂಡು ಹೋಗತಿದ್ದಿಲ್ಲ" ಎಂದೆ. ಕಂಡಕ್ಟರ್ ಶಿದ್ಲಿಂಗಪ್ಪ ಸೀಟಿ ಊದಿದ್ದಕ್ಕೆ ಜಗಳ ಅಷ್ಟಕ್ಕೇ ನಿಂತಿತು. ಆತನಿಗೆ ನನ್ನ ಸಲಾಂ ಹೇಳು.

ಇಲ್ಲಿ ನಾವು ಇಪ್ಪತ್ತೆರಡು ಜನ. ಬೆಳಿಗ್ಗೆ ಎಂಟಕ್ಕೆ ಕೂತರೆ ಸಂಜೆ ಆರರವರೆಗೆ ಪಾಠ. ಕಲಿಸುವ ಕೌಶಿಕ ಸರ್ ನನಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು, ಮಾತು ಮಾತ್ರ ಎಕ್ಸ್‌ಪ್ರೆಸ್ ಗಾಡಿ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವುದು, ಒಂದು ಊರಿನ ಜಾಲವನ್ನು ಇನ್ನೊಂದು ಊರಿಗೆ ಮುಟ್ಟಿಸುವುದು, ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು, ಇದೇ ಪಾಠ. ಕೋಣೆಯಲ್ಲಿ ನನ್ನ ಜೊತೆಗೆ ಕುಂದಗೋಳದ ವೃಂದಾ ಇದ್ದಾಳೆ. ನಿದ್ದೆಯಲ್ಲೂ ಕೇಬಲ್ಲಿನ ಬಣ್ಣಗಳನ್ನು ಸಾಲಾಗಿ ಹೇಳುತ್ತಾಳೆ.

ಹಾರೂನ್ ಕಾಕಾ ನನ್ನನ್ನು ಯಾಕೆ ಕಳಿಸಿದ್ದಾರೆ ಎಂದು ನಿನಗೆ ಗೊತ್ತು. ಎರಡು ವರ್ಷದಿಂದ ಅವರ ಇಂಟರ್ನೆಟ್ ಆಫೀಸಿನಲ್ಲಿ ಕೂತು "ಬರತೈತ್ರಿ, ಸ್ವಲ್ಪ ತಡೀರಿ" ಎಂದು ಫೋನಿನಲ್ಲಿ ಜನರನ್ನು ಸಮಾಧಾನ ಮಾಡುವುದೇ ನನ್ನ ಕೆಲಸ. ಪರೀಕ್ಷೆ ಪಾಸಾದರೆ ನವಲಗುಂದ, ಅಣ್ಣಿಗೇರಿ ಎರಡೂ ಕಡೆಯ ಜಾಲ ನನ್ನ ಸುಪರ್ದಿಗೆ. ನಪಾಸಾದರೆ ಅದೇ ಕುರ್ಚಿ, ಅದೇ "ಸ್ವಲ್ಪ ತಡೀರಿ". ಪರೀಕ್ಷೆಗೆ ಕೂರಿಸುವುದು ಒಂದೇ ಸಲ.

ಆ ಕುರ್ಚಿಗೆ ನಾನು ಮರಳುವುದಿಲ್ಲ. ಅಮ್ಮನಿಗೆ ಹೇಳು.

ಇನ್ನೂ ಸಿಟ್ಟಿನಲ್ಲಿರುವ ನಿನ್ನ ಮೊಮ್ಮಗಳು,
ಸುಲ್ತಾನಾ

*

ನವಲಗುಂದ
೧೩ ಜನವರಿ ೨೦೨೫

ಸುಲ್ತಾನಾಳಿಗೆ ದಾದಿ ಖಾದರಬಿ ಹೇಳಿ ಬರೆಸುವುದು.

ಸಿಟ್ಟು ಇದ್ದರೆ ಇರಲಿ, ಊಟ ಬಿಡಬೇಡ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಚೀಲ ಹಸಿ ಕಡಲೆ ಶಿದ್ಲಿಂಗಪ್ಪನ ಬಸ್ಸಿನಲ್ಲಿ ಕಳಿಸಿದ್ದೇನೆ. ಕಡಲೆಯನ್ನು ಕೌಶಿಕ ಸರ್‌ಗೂ ಕೊಡು. ಬಾಯಲ್ಲಿ ಕಡಲೆ ಇದ್ದರೆ ಮಾತು ನಿಧಾನವಾಗುತ್ತದೆ.

ನಿನ್ನ ಅಮ್ಮ ರೇಷ್ಮಾಬಿ ಅಂಗನವಾಡಿಯಿಂದ ಮೂರಕ್ಕೆ ಬರುತ್ತಾಳೆ, ನಾಲ್ಕಕ್ಕೆ ನನಗೆ ಚಹಾ ಕೊಡುತ್ತಾಳೆ, ಐದಕ್ಕೆ ನಿನ್ನ ನೆನಪು ತೆಗೆಯುತ್ತಾಳೆ. ಮಗ್ಗದ ಮೇಲೆ ಒಂದು ಜಮಖಾನ ಅರ್ಧವಾಗಿದೆ. ನವಿಲಿನ ಕಾಲು ಎಲ್ಲಿ ಮುಗಿಯಿತು, ಬಾಲ ಎಲ್ಲಿ ಶುರುವಾಯಿತು ಎಂದು ಕಣ್ಣಿಗಿಂತ ಬೆರಳಿಗೇ ಹೆಚ್ಚು ಗೊತ್ತಾಗುತ್ತಿದೆ.

ಇನ್ನು ಬಸ್‌ಸ್ಟ್ಯಾಂಡಿನ ಮಾತು. ನಿನಗೆ ಕಲಿಸಬಾರದು ಎಂಬುದು ನಾನು ಮಾಡಿದ ಕಟ್ಟಳೆಯಲ್ಲ. ನಾನು ಸೊಸೆಯಾಗಿ ಈ ಮನೆಗೆ ಬಂದಾಗ ನನ್ನ ಅತ್ತೆ ರಾಜಮಾಬಿ ಮಗ್ಗದ ಮರದ ಮೇಲೆ ನನ್ನ ಕೈ ಇರಿಸಿ ಆಣೆ ಮಾಡಿಸಿಕೊಂಡಳು. ಯಾವ ಚಿತ್ರಕ್ಕೆ ಎಷ್ಟು ಎಳೆ ಎಂಬ ನಮ್ಮ ಮನೆಯ ಎಣಿಕೆಯನ್ನು ಸೊಸೆಗೆ ಹೇಳಬೇಕು, ಮಗಳಿಗೆ ಹೇಳಬಾರದು. ಮಗಳು ಮದುವೆಯಾಗಿ ಹೋಗುವಾಗ ಅದನ್ನೂ ಕಟ್ಟಿಕೊಂಡು ಬೇರೆ ಊರಿಗೆ ಹೋಗುತ್ತಾಳೆ. ನಿನ್ನ ಅಮ್ಮನಿಗೆ ಕಲಿಸಲು ಕೂತೆ, ಹತ್ತಿಯ ಧೂಳಿಗೆ ಅವಳ ಕೆಮ್ಮು ನಿಲ್ಲಲಿಲ್ಲ. ನೀನು ಮಗನ ಮಗಳು, ಆದರೂ ಮಗಳೇ. ಇದರಲ್ಲಿ ನನ್ನ ತಪ್ಪೇನು?

ದುವಾ ಮಾಡುವ ದಾದಿ,
ಖಾದರಬಿ

ಮಾಸ್ತರನ ಮಾತು: ಇದರ ನಡುವೆ ಉರ್ದುವಿನಲ್ಲಿ ನಿನಗೆ ನಾಲ್ಕು ಬೈಗುಳ ಬಂದವು. ನನಗೆ ಅರ್ಥವಾಗಲಿಲ್ಲ ಎಂದು ನಟಿಸಿ ಬಿಟ್ಟಿದ್ದೇನೆ. — ಏಕನಾಥ

*

ಹುಬ್ಬಳ್ಳಿ
೨೨ ಜನವರಿ ೨೦೨೫

ದಾದಿಗೆ ಸಲಾಂ.

ರೊಟ್ಟಿ ಮುಟ್ಟಿತು, ಮುಟ್ಟಿದ ದಿನವೇ ಮುಗಿಯಿತು. ಕೌಶಿಕ ಸರ್ ಕಡಲೆ ತಿಂದರು. ಮಾತು ನಿಧಾನವಾಗಲಿಲ್ಲ, ಪಾಠದ ನಡುವೆ ಸಿಪ್ಪೆ ಬೀಳತೊಡಗಿತು ಅಷ್ಟೇ.

ಉಳಿದ ಎಲ್ಲದರಲ್ಲೂ ನಾನು ಮುಂದಿದ್ದೇನೆ. ಮೊನ್ನೆ ಸರ್ ಬೇಕೆಂದೇ ಜಾಲ ಕೆಡಿಸಿ ಕೊಟ್ಟರು, ಎಲ್ಲರಿಗಿಂತ ಮೊದಲು ನಾನೇ ಹುಡುಕಿದೆ. ಎರಡು ವರ್ಷ ನವಲಗುಂದದವರ ಬೈಗುಳ ಕೇಳಿದ್ದು ವ್ಯರ್ಥವಾಗಲಿಲ್ಲ. ಆದರೆ ಒಂದು ಲೆಕ್ಕ ನನ್ನ ಜೀವ ತಿನ್ನುತ್ತಿದೆ, ಪರೀಕ್ಷೆಯಲ್ಲಿ ಅದೇ ಹೆಚ್ಚು ಬರುತ್ತದಂತೆ.

ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ. ಜಾಲದಲ್ಲಿರುವ ಪ್ರತಿ ಕಂಪ್ಯೂಟರಿಗೂ ಒಂದು ವಿಳಾಸ ಬೇಕು. ನಮ್ಮ ಕೈಗೆ ಇನ್ನೂರ ಐವತ್ತಾರು ವಿಳಾಸ ಕೊಡುತ್ತಾರೆ. ಅದನ್ನು ಅರ್ಧ ಮಾಡಿದರೆ ನೂರ ಇಪ್ಪತ್ತೆಂಟರ ಪಾಲು, ಮತ್ತೆ ಅರ್ಧ ಮಾಡಿದರೆ ಅರವತ್ನಾಲ್ಕು, ಮತ್ತೆ ಮೂವತ್ತೆರಡು, ಹೀಗೆ. ಇಲ್ಲಿಯವರೆಗೆ ಸುಲಭ. ಆದರೆ ಪ್ರತಿ ಪಾಲಿನಲ್ಲೂ ಮೊದಲನೆಯದು ಆ ಪಾಲಿನ ಹೆಸರು, ಕೊನೆಯದು ಆ ಪಾಲಿನವರನ್ನೆಲ್ಲ ಒಮ್ಮೆಲೇ ಕೂಗುವುದಕ್ಕೆ. ಅವೆರಡನ್ನೂ ಯಾವ ಕಂಪ್ಯೂಟರಿಗೂ ಕೊಡುವ ಹಾಗಿಲ್ಲ.

ನಾನು ಪ್ರತಿ ಸಲವೂ ಕೊಟ್ಟುಬಿಡುತ್ತೇನೆ! ನಿನ್ನೆಯ ಪರೀಕ್ಷೆಯಲ್ಲಿ ಒಂದು ಶಾಲೆಗೆ ಅರವತ್ಮೂರು ಕಂಪ್ಯೂಟರು, ಎಷ್ಟರ ಪಾಲು ಬೇಕು ಎಂದು ಕೇಳಿದ್ದರು. ಅರವತ್ನಾಲ್ಕರದು ಸಾಕು, ಒಂದು ಉಳಿಯುತ್ತದೆ ಎಂದು ಹೆಮ್ಮೆಯಿಂದ ಬರೆದೆ. ತಪ್ಪು. ಮೊದಲನೆಯದು, ಕೊನೆಯದು ಬಿಟ್ಟರೆ ಅರವತ್ತೆರಡೇ, ಒಂದು ಕಂಪ್ಯೂಟರು ಹೊರಗುಳಿಯುತ್ತದೆ. ಕೌಶಿಕ ಸರ್ ತಲೆ ಚಚ್ಚಿಕೊಂಡರು. ಖಾಲಿ ಬಿದ್ದ ಜಾಗವನ್ನು ಸುಮ್ಮನೆ ಬಿಡಲು ನನ್ನ ಕೈ ಒಪ್ಪುವುದಿಲ್ಲ, ಏನು ಮಾಡಲಿ?

ಮಾಸ್ತರರೇ, ಮೂರನೇ ಇಯತ್ತೆಯಲ್ಲಿ ನನಗೆ ಭಾಗಾಕಾರ ಕಲಿಸಿದ್ದು ನೀವು. ಸ್ವಲ್ಪ ಪಾಪ ನಿಮಗೂ ತಟ್ಟಲಿ.

ನಿನ್ನ ದಡ್ಡಿ,
ಸುಲ್ತಾನಾ

*

ನವಲಗುಂದ
೨೭ ಜನವರಿ ೨೦೨೫

ಸುಲ್ತಾನಾಳಿಗೆ ದಾದಿ ಬರೆಸುವುದು.

ಎಲ್ಲರೂ ಆರಾಮ. ನನ್ನ ಮೊಣಕಾಲು ಮಾತ್ರ ಆರಾಮಿಲ್ಲ. ನಿನ್ನ ಲೆಕ್ಕದ ವಿಷಯ ಕೇಳಿದೆ. ಹೇಳುವುದೇನೂ ಇಲ್ಲ.

ಖಾದರಬಿ

ಮಾಸ್ತರನ ಮಾತು: ಇಷ್ಟು ಚಿಕ್ಕ ಕಾಗದವನ್ನು ನಿನ್ನ ದಾದಿ ಎಂದೂ ಬರೆಸಿದವಳಲ್ಲ, ಆದ್ದರಿಂದ ಉಳಿದದ್ದನ್ನು ನಾನು ಬರೆಯುತ್ತೇನೆ. ಅರವತ್ಮೂರು, ಅರವತ್ನಾಲ್ಕರ ಸಂಗತಿ ಓದಿದಾಗ ಮುದುಕಿ ಫಕ್ಕನೆ ನಕ್ಕಳು. "ಅಯ್ಯ, ಮೊದಲನೇದು, ಕಡೀದು ಬಿಡಬೇಕು ಅನ್ನೂದು ಈಕಿಗೆ ಗೊತ್ತಿಲ್ಲೇನ್ರಿ?" ಎಂದಳು. "ನಿಮಗ ಹ್ಯಾಂಗ ಗೊತ್ತದರಿ, ಖಾದರಬಿ?" ಎಂದು ಕೇಳಿದೆ. ನೂಲು ಬಡಿಯುವ ಕಬ್ಬಿಣದ ಹಣಿಗೆಯನ್ನು ಕೈಗೆ ತೆಗೆದುಕೊಂಡಳು, ಸುಮ್ಮನೆ ಕೆಳಗಿಟ್ಟಳು.

ನನ್ನ ಪಾಲಿನ ಪಾಪ ತೊಳೆದುಕೊಳ್ಳಲು ಎರಡು ದಿನ ಆ ಲೆಕ್ಕಕ್ಕೆ ಕೂತೆ. ಮೂರು ಹಾಳೆ ತುಂಬಿಸಿದೆ, ಮೂರರಲ್ಲಿ ಮೂರು ಉತ್ತರ ಬಂದವು. ಹಾಳೆಗಳನ್ನು ಕಳಿಸುತ್ತಿಲ್ಲ. — ಏಕನಾಥ

*

ಹುಬ್ಬಳ್ಳಿ
೩ ಫೆಬ್ರವರಿ ೨೦೨೫

ದಾದಿಗೆ ಸಲಾಂ.

ನಿನ್ನೆ ಭಾನುವಾರ ಅಳ್ನಾವರದಿಂದ ನಿನ್ನ ಮಗಳು ರಜಿಯಾ ಫುಪ್ಪು ರೈಲು ಹತ್ತಿ ನನ್ನನ್ನು ನೋಡಲು ಬಂದಿದ್ದಳು. ಡಬ್ಬಿಯಲ್ಲಿ ಪುಲಾವು, ಬದನೆಕಾಯಿ ಪಲ್ಯ ತಂದಿದ್ದಳು. ವೃಂದಾ ಪಲ್ಯ ಅಷ್ಟನ್ನೂ ಖಾಲಿ ಮಾಡಿ ಫುಪ್ಪುವಿನ ಕೈ ಹಿಡಿದು ಬಿಡಲೇ ಒಲ್ಲಳು.

ನಗುತ್ತಾ ನಗುತ್ತಾ ಫುಪ್ಪು ಒಂದು ಮಾತು ಹೇಳಿದಳು, ಅದಕ್ಕಾಗಿಯೇ ಈ ಕಾಗದ. ಸಣ್ಣವಳಿದ್ದಾಗ ನಿನ್ನ ಪಕ್ಕದಲ್ಲೇ ಕೂತು ನೂಲಿನ ಉಂಡೆ ಸುತ್ತುತ್ತಿದ್ದಳಂತೆ. ನೀನು ಮಗ್ಗಕ್ಕೆ ಉದ್ದನೆಯ ಎಳೆಗಳ ಹೊಸ ಹಾಸು ಕಟ್ಟಿ ಎಣಿಸಲು ಶುರು ಮಾಡಿದ ಕೂಡಲೆ, "ರಜಿಯಾ, ನೀರ ತಗೊಂಡು ಬಾ" ಎನ್ನುತ್ತಿದ್ದೆಯಂತೆ. ಬಿಂದಿಗೆ ತುಂಬಿಕೊಂಡು ಬರುವಷ್ಟರಲ್ಲಿ ಎಣಿಕೆ ಮುಗಿದಿರುತ್ತಿತ್ತು. "ಅವ್ವಗ ಎಷ್ಟ ನೀರಡಿಕಿ ಅಂತ ನಾ ತಿಳಕೊಂಡಿದ್ದೆ ನೋಡ. ಲಗ್ನ ಆಗೂತನಾ ನೀರ ಹೊತ್ತೆ. ಆಮ್ಯಾಲ ತಿಳೀತು" ಎಂದಳು.

ಹೀಗೆ ಹೇಳುವಾಗ ಅವಳಿಗೆ ಒಂದಿಷ್ಟೂ ಸಿಟ್ಟಿರಲಿಲ್ಲ. ಅವಳ ಪಾಲಿನ ಸಿಟ್ಟೂ ನನಗೇ ಬಂತು. ಅವಳ ಮನೆಯಲ್ಲಿ ನೀನು ನೇಯ್ದ ಜಮಖಾನವನ್ನು ಯಾರೂ ಕೂರದ ಹಾಗೆ ಗೋಡೆಗೆ ಹಾಕಿದ್ದಾಳೆ ದಾದಿ. ಬಂದವರಿಗೆಲ್ಲ "ನಮ್ಮವ್ವ ಮಾಡಿದ್ದು" ಎಂದು ತೋರಿಸುತ್ತಾಳೆ. ಹೇಗೆ ಮಾಡಿದ್ದು ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತಾಳೆ?

ನನ್ನ ಸುದ್ದಿ ಚೆನ್ನಾಗಿಲ್ಲ. ಶನಿವಾರದ ಪರೀಕ್ಷೆಯಲ್ಲೂ ಅದೇ ತಪ್ಪು, ಒಂದಲ್ಲ, ಆರು ಕಡೆ. "ಇದೊಂದು ತಿದ್ದಿಕೊಳ್ಳದಿದ್ದರೆ ಪಾಸಾಗುವುದು ಕಷ್ಟ" ಎಂದು ಕೌಶಿಕ ಸರ್ ಹೇಳಿದರು, ಅದೂ ನಿಧಾನವಾಗಿ. ಅವರು ನಿಧಾನವಾಗಿ ಮಾತಾಡಿದ್ದಕ್ಕೇ ನನಗೆ ಹೆದರಿಕೆಯಾಯಿತು. ಪರೀಕ್ಷೆ ಹತ್ತೊಂಬತ್ತಕ್ಕೆ.

ನಿನಗೇನೋ ಗೊತ್ತಿದೆ. ಮಾಸ್ತರರು ಬರೆದಿದ್ದಾರೆ. ಬೇಡ, ಹೇಳಬೇಡ. ನಿನ್ನ ಆಣೆ ನಿನ್ನ ಹತ್ತಿರವೇ ಇರಲಿ.

ಸುಲ್ತಾನಾ

*

ನವಲಗುಂದ
೮ ಫೆಬ್ರವರಿ ೨೦೨೫

ಚಿರಂಜೀವಿ ಸುಲ್ತಾನಾಳಿಗೆ ಏಕನಾಥ ಮಾಸ್ತರನ ಆಶೀರ್ವಾದ.

ಈ ಕಾಗದ ಪೂರ್ತಿ ನನ್ನದೇ. ನಿನ್ನ ದಾದಿ ಇದರಲ್ಲಿ ಒಂದಕ್ಷರವನ್ನೂ ಹೇಳಿಲ್ಲ, ಹೇಳಿಲ್ಲ ಎಂಬುದನ್ನು ದಪ್ಪಗೆ ಬರೆಯಿರಿ ಎಂದು ಮಾತ್ರ ಹೇಳಿದ್ದಾಳೆ. ಬರೆದಿದ್ದೇನೆ.

ಬುಧವಾರ ನಿನ್ನ ಕಾಗದ ಓದಿದೆ. ಇನ್ನೊಮ್ಮೆ ಓದಿರಿ ಎಂದಳು. ನೀರಿನ ಮಾತು ಬಂದಾಗ ಸೆರಗಿನಿಂದ ಮುಖ ಒರೆಸಿಕೊಂಡು, "ಸಾಕ್ರಿ ಮಾಸ್ತರ" ಎಂದಳು. ಮರುದಿನ ಹೋದರೆ ಕದ ಹಾಕಿತ್ತು. ನಿನ್ನೆ ತಾನೇ ಕರೆಸಿದಳು. ಹೋಗಿ ಕೂತು, ಪೆನ್ನಿನ ಟೋಪಿ ತೆಗೆದದ್ದೇ ತಡ, "ಮಾಸ್ತರ, ಹೊರಗ ಹೋಗಿ ಒಂದ ತಂಬಿಗಿ ನೀರ ಕುಡದು ಬರ್ರಿ" ಎಂದಳು. "ನನಗ ನೀರಡಿಕಿ ಇಲ್ಲರಿ" ಎಂದೆ. "ಆಗತೈತಿ, ಹೋಗರಿ" ಎಂದಳು. ಅರವತ್ತೆಂಟು ವರ್ಷದ ನಾನು, ನಾಲ್ಕು ಸಾವಿರ ಮಕ್ಕಳಿಗೆ ಪಾಠ ಹೇಳಿದವನು, ನಿಮ್ಮ ಕಟ್ಟೆಯ ಮೇಲೆ ತಂಬಿಗೆ ಹಿಡಿದು ಅರ್ಧ ತಾಸು ಕೂತೆ. ರಜಿಯಾಳ ಕಷ್ಟ ಆಗ ನನಗೆ ತಿಳಿಯಿತು.

ಒಳಗೆ ಕರೆದಾಗ ಪೊಟ್ಟಣ ಹೊಲಿದಾಗಿತ್ತು. ಅದೇ ಇದರ ಜೊತೆಗಿದೆ, ಶಿದ್ಲಿಂಗಪ್ಪ ಕೊಡುತ್ತಾನೆ. ಒಳಗೆ ಏನಿದೆಯೋ ದೇವರಾಣೆ ನನಗೆ ಗೊತ್ತಿಲ್ಲ. ತಿಳಿದ ಮೇಲೆ ನನಗೆ ಬರೆಯಬೇಡ, ಮುದುಕಿ ನನ್ನ ಮುಖ ನೋಡಿಯೇ ಕಂಡುಹಿಡಿಯುತ್ತಾಳೆ.

ನಿನ್ನ ಹಿತ ಬಯಸುವ,
ಏಕನಾಥ

*

ಹುಬ್ಬಳ್ಳಿ
೧೩ ಫೆಬ್ರವರಿ ೨೦೨೫

ನನ್ನ ದಾದಿಗೆ ಸಾವಿರ ಸಲಾಂ. ಈ ಕಾಗದವನ್ನು ಅಮ್ಮನೇ ಓದಿ ಹೇಳಬೇಕೆಂದು ಲಕೋಟೆಯ ಮೇಲೆ ಬರೆದಿದ್ದೇನೆ, ಅವಳು ಸೊಸೆ, ತಿಳಿದರೆ ತಪ್ಪಿಲ್ಲ.

ಮೊದಲು ನನ್ನ ಬುದ್ಧಿವಂತಿಕೆ ಕೇಳು. ಪೊಟ್ಟಣ ಬಿಚ್ಚಿದೆ. ನಾಲ್ಕು ಬೆರಳಗಲದ, ಗೇಣುದ್ದದ ಕೆಂಪು ಬಿಳಿ ಪಟ್ಟಿ. ಜಗಳ ಮರೆಯಲಿ ಎಂದು ದಾದಿ ಕಳಿಸಿದ ಉಡುಗೊರೆ ಎಂದುಕೊಂಡು ಚೀಲದ ಹಿಡಿಕೆಗೆ ಕಟ್ಟಿ ಮೂರು ದಿನ ಊರೆಲ್ಲ ತಿರುಗಾಡಿದೆ!

ನಿನ್ನೆ ವೃಂದಾ ಊಟಕ್ಕೆ ಸಾಲಿನಲ್ಲಿ ನಿಂತಾಗ ಬೇಸರಕ್ಕೆ ಅದರ ಎಳೆ ಎಣಿಸಿದಳು. "ಅರವತ್ನಾಲ್ಕು ಅವ ನೋಡಲೇ" ಎಂದಳು. ನನ್ನ ಕೈಯಿಂದ ತಾಟು ಬಿತ್ತು. ಸಾರು ಕೌಶಿಕ ಸರ್ ಬೂಟಿನ ಮೇಲೆ.

ಅಲ್ಲೇ ಕೂತು ಓದಿದೆ ದಾದಿ. ಮೇಲಿನ ಸಾಲಿನಲ್ಲಿ ಅರವತ್ನಾಲ್ಕೂ ಎಳೆ ಸೇರಿ ಒಂದೇ ಮನೆ. ಮೊದಲ ಎಳೆ ಬಿಳಿ, ಕೊನೆಯ ಎಳೆ ಬಿಳಿ, ನಡುವಿನದೆಲ್ಲ ಕೆಂಪು. ಅದರ ಕೆಳಗೆ ಎರಡು ಮನೆ, ಪ್ರತಿಯೊಂದಕ್ಕೂ ಆಚೆ ಈಚೆ ಬಿಳಿ. ಕೆಳಗೆ ನಾಲ್ಕು, ಎಂಟು, ಕೊನೆಗೆ ಹದಿನಾರು. ಆ ಕೊನೆಯ ಸಾಲಿನಲ್ಲಿ ಒಂದೊಂದು ಮನೆಗೆ ನಾಲ್ಕೇ ಎಳೆ, ಎರಡು ಬಿಳಿ, ನಡುವೆ ಎರಡು ಕೆಂಪು. ಎರಡು ಯಂತ್ರಗಳನ್ನಷ್ಟೇ ಜೋಡಿಸುವಾಗ ನಾವು ತೆಗೆದುಕೊಳ್ಳುವ ಪಾಲು ಅದೇ! ನವಿಲು ಎಷ್ಟೇ ದೊಡ್ಡದಿರಲಿ, ಚೌಕ ಎಷ್ಟೇ ಚಿಕ್ಕದಿರಲಿ, ನೀನು ಮೊದಲ ಎಳೆ ಕೊನೆಯ ಎಳೆಯನ್ನು ಚಿತ್ರಕ್ಕೆ ಕೊಡುವುದಿಲ್ಲ. ಅವು ಸುಮ್ಮನೆ ಬಿಟ್ಟ ಜಾಗವಲ್ಲ, ಮನೆಯನ್ನು ಹಿಡಿದು ನಿಲ್ಲಿಸುವ ಎಳೆಗಳು. ಇದನ್ನು ಹೇಳಲು ಕೌಶಿಕ ಸರ್‌ಗೆ ಐದು ವಾರ ಸಾಲಲಿಲ್ಲ.

ಮೇಲಿನ ಸಾಲಿನ ಕೆಂಪನ್ನಷ್ಟೇ ಎಣಿಸಿದೆ. ಅರವತ್ತೆರಡು. ನನಗೆ ಅಳು ಬಂತು, ಊಟದ ಮನೆಯಲ್ಲೇ, ಎಲ್ಲರೆದುರು. ಬೂಟು ಹಾಳಾಯಿತೆಂದು ಅಳುತ್ತಿದ್ದೇನೆ ಎಂದುಕೊಂಡು ಸರ್, ಪಾಪ, ಪರವಾಗಿಲ್ಲ ಪರವಾಗಿಲ್ಲ ಎಂದರು.

ನೀನು ಏನೂ ಹೇಳಿಲ್ಲ, ನಾನು ಏನೂ ಕೇಳಿಲ್ಲ. ಆದರೆ ಆ ಮಂಜುಗಣ್ಣಿನಲ್ಲಿ ಇಷ್ಟು ಸಣ್ಣ ಎಳೆ ಹಿಡಿದು ನೇಯ್ದೆಯಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಆಡಿದ ಮಾತಿಗೆ ನನಗೆ ನಾಚಿಕೆಯಾಗುತ್ತಿದೆ. ಮಾಫ್ ಮಾಡು.

ಒಂದು ಮಾತು ಕೇಳಲೇ? ಈ ಪಟ್ಟಿಯನ್ನು ಫುಪ್ಪುವಿಗೆ ತೋರಿಸಬಹುದೇ? ನೀನು ಹೂಂ ಎನ್ನುವವರೆಗೆ ತೋರಿಸುವುದಿಲ್ಲ.

ಸಿಟ್ಟಿಳಿದ,
ಸುಲ್ತಾನಾ

*

ಹುಬ್ಬಳ್ಳಿ
೨೦ ಫೆಬ್ರವರಿ ೨೦೨೫

ದಾದೀ, ಪಾಸು!

ನಿನ್ನೆ ಫೋನು ಸಿಕ್ಕ ಕೂಡಲೆ ಅಮ್ಮನಿಗೆ ಹೇಳಿದ್ದೇನೆ. ಅವಳು ನಿನ್ನ ಕಿವಿಯಲ್ಲಿ ಕೂಗಿದ್ದು ನನಗೂ ಕೇಳಿಸಿತು. ಆದರೂ ಉಳಿದದ್ದು ಕಾಗದದಲ್ಲೇ ಹೇಳುವಂಥದ್ದು.

ಪರೀಕ್ಷೆಯ ಕೋಣೆಯೊಳಗೆ ಏನನ್ನೂ ಬಿಡುವುದಿಲ್ಲ. ಬಾಗಿಲಲ್ಲಿ ಕಾವಲಿನವರು ಪಟ್ಟಿ ಹಿಡಿದು, "ಇದೇನ್ರಿ ಇದು?" ಎಂದರು. "ಜಮಖಾನದ ತುಂಡ್ರಿ" ಎಂದೆ. ಅದನ್ನು ಚೀಲಕ್ಕೆ ಹಾಕಿಸಿ ಹೊರಗೇ ಇಡಿಸಿದರು, ಬರೆದು ಒರೆಸುವ ಒಂದು ಹಲಗೆ ಕೊಟ್ಟರು. ಕೂತವಳೇ ಅದರ ಮೇಲೆ ಗೆರೆ ಎಳೆದು ಮನೆ ಮಾಡಿಕೊಂಡೆ, ಆಚೆಯದೊಂದು ಈಚೆಯದೊಂದು ಬಿಟ್ಟು. ಅಂಥ ಪ್ರಶ್ನೆ ಎಷ್ಟು ಬಂದವೋ, ಒಂದರಲ್ಲೂ ಆ ಎರಡನ್ನು ಯಾರಿಗೂ ಕೊಡಲಿಲ್ಲ. ಕೊನೆಗೆ ಪರದೆಯ ಮೇಲೆ ಪಾಸು ಎಂದು ಬಂದಾಗ ಎರಡು ಸಲ ಓದಿದೆ. ವೃಂದಾಳೂ ಪಾಸು, ಪ್ರಮಾಣಪತ್ರ ಮುಂದಿನ ಗುರುವಾರ ಕೊಡುತ್ತಾರಂತೆ, ಅಲ್ಲಿಯವರೆಗೆ ಇಬ್ಬರೂ ಇಲ್ಲೇ. ಹಾರೂನ್ ಕಾಕಾ ಮಾರ್ಚ್ ಒಂದರಿಂದ ಅಣ್ಣಿಗೇರಿಯ ಕೀಲಿಕೈಗಳೂ ನನ್ನವೇ ಎಂದಿದ್ದಾರೆ.

ಈಗ ಕೆಟ್ಟ ಸುದ್ದಿ. ಫುಪ್ಪು ಪೇಢೆ ಹಿಡಿದು ಹೊರಗೆ ಕಾಯುತ್ತಿದ್ದಳು. ನನ್ನ ಚೀಲ ಹೊರಲು ಕೈ ಚಾಚಿದಳು. ಪಟ್ಟಿ ಅದರ ಬಾಯಲ್ಲೇ ಕಾಣುತ್ತಿತ್ತು, ನಿನ್ನ ಅಪ್ಪಣೆ ಇನ್ನೂ ಬಂದಿರಲಿಲ್ಲ. ನನ್ನ ಬಾಯಿಂದ ಏನು ಬಂತು ಗೊತ್ತೇ? "ಫುಪ್ಪು, ಒಂಚೂರು ನೀರ ತಗೊಂಡು ಬಾ."

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ನಕ್ಕು, ಹೋಗಿ, ತಂದಳು. ಅಷ್ಟರಲ್ಲಿ ಪಟ್ಟಿಯನ್ನು ಚೀಲದ ತಳಕ್ಕೆ ತುರುಕಿದ್ದ ನಾನು ಆ ನೀರು ಕುಡಿದೆ. ಪಾಸಾದ ದಿನ ಅಷ್ಟು ಕಹಿಯಾದ ನೀರು ಯಾರೂ ಕುಡಿದಿರಲಿಕ್ಕಿಲ್ಲ. ಇಷ್ಟು ವರ್ಷ ನೀನು ಹೇಗೆ ಕುಡಿದೆ ದಾದಿ?

ಸುಲ್ತಾನಾ

*

ನವಲಗುಂದ
೨೩ ಫೆಬ್ರವರಿ ೨೦೨೫

ಸುಲ್ತಾನಾಳಿಗೆ ದಾದಿ ಖಾದರಬಿ ಹೇಳಿ ಬರೆಸುವುದು.

ನೀನು ಪಾಸಾದ ಸುದ್ದಿಯನ್ನು ಮಾಸ್ತರರು ಓಣಿಯಲ್ಲಿ ಮನೆ ಮನೆಗೆ ಹೋಗಿ ಹೇಳಿದರು. ಭಾಗಾಕಾರ ತಾನೇ ಕಲಿಸಿದ್ದು ಎಂದೂ ಸೇರಿಸಿದರು. ನಾನು ಕೇಳಿಸದವಳ ಹಾಗೆ ಕೂತಿದ್ದೆ.

ನಿನ್ನ ಪ್ರಶ್ನೆಗೆ ಉತ್ತರ. ಕಹಿಯಾಗಿಯೇ ಇತ್ತು, ಬೇಟಿ. ಒಂದೊಂದು ದಿನ ಬಾಗಿಲಲ್ಲಿ ಅವಳ ಹೆಜ್ಜೆ ಸಪ್ಪಳ ಕೇಳಿ ಎಣಿಕೆಯೇ ತಪ್ಪುತ್ತಿತ್ತು. ಮತ್ತೆ ಮೊದಲಿನಿಂದ ಎಣಿಸಲು ಅವಳನ್ನೇ ಮತ್ತೆ ನೀರಿಗೆ ಕಳಿಸುತ್ತಿದ್ದೆ.

ರಾಜಮಾಬಿಯ ಮೇಲೆ ನನಗೆ ಸಿಟ್ಟಿಲ್ಲ. ಎಣಿಕೆ ಮನೆಯಲ್ಲಿ ಉಳಿಯಲಿ ಎಂದು ಅವಳು ಆಣೆ ಹಾಕಿದಳು. ಈಗ ನನ್ನ ಕಣ್ಣು ಹೋಗುತ್ತಿದೆ, ಸೊಸೆಗೆ ಮಗ್ಗ ಒಗ್ಗಲಿಲ್ಲ. ನಾನು ಆಣೆ ಕಾದುಕೊಂಡು ಕೂತರೆ ಎಣಿಕೆ ಮನೆಯಲ್ಲಿ ಉಳಿಯುವುದಿಲ್ಲ, ನನ್ನ ಜೊತೆ ಮಣ್ಣಿಗೆ ಹೋಗುತ್ತದೆ. ಶುಕ್ರವಾರ ಮಗ್ಗದ ಮರದ ಮೇಲೆ ಕೈಯಿಟ್ಟು ಅವಳಿಗೆ ಇದನ್ನೇ ಹೇಳಿದೆ. ಅವಳೇನೂ ಎದುರು ಮಾತಾಡಲಿಲ್ಲ.

ಹಳೆಯ ಜಮಖಾನ ಮುಗಿಸಿ ಇಳಿಸಿದೆ. ರಮಜಾನಿಗೆ ಮೊದಲು ಎಂದು ಹೊಸ ಹಾಸು ಕಟ್ಟಿದ್ದೇನೆ. ಎಲ್ಲ ಎಳೆಯನ್ನೂ ಕಟ್ಟಿ ಆಗಿದೆ, ಮೊದಲನೆಯದು ಮತ್ತು ಕೊನೆಯದು ಬಿಟ್ಟು. ಮೊದಲನೆಯದನ್ನು ರಜಿಯಾ ಕಟ್ಟಬೇಕು, ಅವಳು ನಿನಗಿಂತ ಮೊದಲಿನಿಂದ ಕಾದವಳು. ಕೊನೆಯದು ನಿನ್ನದು. ಬರುವ ಶುಕ್ರವಾರ ಇಬ್ಬರೂ ಕೂಡಿ ಶಿದ್ಲಿಂಗಪ್ಪನ ಬಸ್ಸಿಗೆ ಬನ್ನಿ. ದಾರಿಯಲ್ಲಿ ಅವಳಿಗೆ ಪಟ್ಟಿ ತೋರಿಸು, ಅವಳ ಕೈಗೇ ಕೊಡು.

ಮಾಸ್ತರನ ಮಾತು: ಇಲ್ಲಿಂದ ಮುಂದೆ ತಿದ್ದದೆ ತನ್ನ ಮಾತಿನಲ್ಲೇ ಬರೆಯಬೇಕೆಂದು ಅಪ್ಪಣೆಯಾಗಿದೆ. ಬರೆಯುತ್ತಿದ್ದೇನೆ. — ಏಕನಾಥ

ರಜಿಯಾಗ ಹೇಳ, ಬಂದಕಿ ಸೀದಾ ಮಗ್ಗದ ಮುಂದ ಕುಂದ್ರಲಿ. ನೀನೂ ಬಾಜೂಕ ಕುಂದ್ರು. ಎಣಸಾಕ ಇಬ್ಬರಿಗೂ ಹೊತ್ತ ಬೇಕಾಗತೈತಿ, ಗಂಟಲಾ ಒಣಗತಾವು. ಚಿಂತಿ ಮಾಡಬ್ಯಾಡ್ರಿ. ಈ ಸಲ ನೀರ ನಾ ತರತೇನಿ.

ನಿಮ್ಮಿಬ್ಬರ ದಾರಿ ನೋಡುತ್ತಿರುವ,
ಖಾದರಬಿ